ರಾಜಧಾನಿ ಬಂತು, ತೋಟದವರು ಎಲ್ಲಿಗೆ ಹೋದರು?



ಇವತ್ತು ರಾಜಕೀಯ ಮಾತಾಡೋದು ಬೇಡ ಅಂತ ತೀರ್ಮಾನ ಮಾಡಿಕೊಂಡೇ ಸ್ಟುಡಿಯೋಗೆ ಬಂದೆ. ಕಳೆದ ವಾರ ನಾನು ಇಲ್ಲಿ ಇರಲಿಲ್ಲ. ಮಲೇಷ್ಯಾಕ್ಕೆ ಹೋಗಿದ್ದೆ. ಅಲ್ಲೊಂದು ಊರು ನೋಡಿ ಬಂದೆ, ಅದರ ಕಥೆ ಹೇಳೋಣ ಅಂದುಕೊಂಡೆ. ಆದರೆ ಏನು ಮಾಡೋದು, ಆ ಊರು ಹುಟ್ಟಿದ್ದೇ ಸರ್ಕಾರಕ್ಕಾಗಿ. ಹಾಗಾಗಿ ಸುತ್ತಿ ಬಳಸಿ ನಾನು ಮತ್ತೆ ಅಲ್ಲಿಗೇ ಬಂದು ನಿಲ್ತೀನಿ. ಬೇಜಾರು ಮಾಡ್ಕೋಬೇಡಿ.

ಊರಿನ ಹೆಸರು ಪುತ್ರಜಯ. ಕೇಳಿದರೆ ನಮ್ಮ ಪಕ್ಕದ ತಾಲ್ಲೂಕಿನ ಹೆಸರು ಇದ್ದ ಹಾಗಿದೆ, ಅಲ್ವಾ? ಪುತ್ರ, ಜಯ. ಎರಡೂ ನಮಗೆ ಗೊತ್ತಿರೋ ಪದಗಳೇ. ಮಲೇಷ್ಯಾದ ಮೊದಲ ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಪುತ್ರ. ಅವರ ಹೆಸರಿನಲ್ಲಿದ್ದ 'ಪುತ್ರ'ವನ್ನೇ ಈ ಊರಿಗೆ ಇಟ್ಟರು. ಮಲಯ ಭಾಷೆಯಲ್ಲಿ ಸಂಸ್ಕೃತದ ಪದಗಳು ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಪ್ರಧಾನಮಂತ್ರಿ ಅಲ್ಲಿ 'ಪೆರ್ದಾನ ಮೆಂತರಿ'. ಭಾಷೆಗೆ 'ಬಹಾಸ'. ಅರಮನೆಗೆ 'ಇಸ್ತಾನ', ಅಂದರೆ ನಮ್ಮ ಆಸ್ಥಾನ. ದೇಶಕ್ಕೆ 'ನೆಗಾರ'. ನಮಗೆ ನಗರ ಅಂದರೆ ಪಟ್ಟಣ, ಅವರಿಗೆ ಇಡೀ ದೇಶ. ರಸ್ತೆ ಬದಿಯ ಬೋರ್ಡುಗಳನ್ನು ಓದ್ತಾ ಹೋದರೆ ಪರದೇಶಕ್ಕೆ ಬಂದಿದ್ದೀನಾ, ಯಾರೋ ದೂರದ ಸಂಬಂಧಿಕರ ಮನೆಗೆ ಬಂದಿದ್ದೀನಾ ಅನ್ನೋ ಅನುಮಾನ ಬರುತ್ತೆ.

ನನ್ನ ವಿಮಾನ ರಾತ್ರಿಗಿತ್ತು. ಮಧ್ಯಾಹ್ನ ಕೌಲಾಲಂಪುರದ ಹೋಟೆಲ್ ಖಾಲಿ ಮಾಡಿದೆ. ಕೈಯಲ್ಲಿ ಏಳೆಂಟು ಗಂಟೆ ಉಳಿದಿತ್ತು. ಕೌಲಾಲಂಪುರದಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ಪುತ್ರಜಯ, ವಿಮಾನ ನಿಲ್ದಾಣದ ದಾರಿಯಲ್ಲೇ ಸಿಗುತ್ತೆ. ಸರಿ, ಒಂದು ಟ್ಯಾಕ್ಸಿ ಮಾತಾಡಿದೆ. ಡ್ರೈವರ್‌ಗೆ ಅರವತ್ತರ ಆಸುಪಾಸು. ತಮಿಳಿನವರು. ಅಜ್ಜನ ಕಾಲಕ್ಕೇ ಅಲ್ಲಿಗೆ ಹೋದ ಮನೆತನ.

"ಯಾವ ಊರು ಸಾರ್?"

"ಬೆಂಗಳೂರು ಅಣ್ಣ."

"ಓ, ರಜನಿ ಬಸ್ ಕಂಡಕ್ಟರ್ ಆಗಿದ್ದ ಊರು!"

ನಾವು ಐಟಿ ರಾಜಧಾನಿ, ಸಿಲಿಕಾನ್ ಸಿಟಿ ಅಂತೆಲ್ಲ ಎದೆ ತಟ್ಟಿಕೊಳ್ತೀವಿ. ಅಲ್ಲಿ ನಮ್ಮ ವಿಳಾಸ ರಜನಿಕಾಂತ್! ಇರಲಿ. ಬೆಂಗಳೂರಲ್ಲಿ ಹುಟ್ಟಿದ್ದಕ್ಕೆ ನನಗೆ ತಮಿಳು ಬರುತ್ತೆ. ಮಾತಿಗೆ ಮಾತು ಬೆಳೀತು.

ಈಗ ಊರಿನ ಕಥೆ ಕೇಳಿ. ಕೌಲಾಲಂಪುರದಲ್ಲಿ ಟ್ರಾಫಿಕ್ ತಡೆಯೋಕಾಗ್ತಿರಲಿಲ್ಲ. ಸರ್ಕಾರಿ ಕಚೇರಿಗಳು ಊರೆಲ್ಲ ಚದುರಿ ಹೋಗಿದ್ದವು. ಒಂದು ಕಡತ ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ಹೋಗೋಕೆ ಅರ್ಧ ದಿನ. ಈ ಕಥೆ ನಮಗೆ ಹೊಸದೇನಲ್ಲ ಬಿಡಿ. ಅಲ್ಲಿ ಆಗ ಪ್ರಧಾನಿ ಆಗಿದ್ದವರು ಮಹಾತಿರ್ ಮೊಹಮ್ಮದ್. 1981ರಿಂದ 2003ರವರೆಗೆ, ಒಂದೇ ಸಮನೆ 22 ವರ್ಷ. ಆ ಮನುಷ್ಯ ಏನು ಮಾಡಿದರು? ಫ್ಲೈಓವರ್ ಕಟ್ಟಿ ರಿಬ್ಬನ್ ಕತ್ತರಿಸಿ ಸುಮ್ಮನಾಗಲಿಲ್ಲ. ಸರ್ಕಾರವನ್ನೇ ಎತ್ತಿ ಬೇರೆ ಕಡೆ ಇಡ್ತೀನಿ ಅಂದರು. 1995ರಲ್ಲಿ ಕೆಲಸ ಶುರುವಾಯ್ತು. ಎರಡು ವರ್ಷ ಆಗಿತ್ತು, 1997ರಲ್ಲಿ ಏಷ್ಯಾದ ಆರ್ಥಿಕ ಬಿಕ್ಕಟ್ಟು ಬಂತು, ಮಲೇಷ್ಯಾದ ದುಡ್ಡು ರಿಂಗಿಟ್ ನೆಲ ಕಚ್ಚಿತು. ಬೇರೆಯವರಾಗಿದ್ದರೆ ಅಡಿಗಲ್ಲಿಗೆ ಒಂದು ಹಾರ ಹಾಕಿ ಮನೆಗೆ ಹೋಗ್ತಿದ್ದರು. ಇವರು ಬಿಡಲಿಲ್ಲ. 1999ರಲ್ಲಿ ಪ್ರಧಾನಿ ಕಚೇರಿಯೇ ಅಲ್ಲಿಗೆ ಹೋಯ್ತು. 2001ರ ಫೆಬ್ರವರಿ 1ಕ್ಕೆ ಪುತ್ರಜಯ ಒಕ್ಕೂಟದ ಆಡಳಿತ ಪ್ರದೇಶ ಆಯ್ತು. ನಮ್ಮ ಕೇಂದ್ರಾಡಳಿತ ಪ್ರದೇಶ ಇದ್ದ ಹಾಗೆ ಅಂದುಕೊಳ್ಳಿ.

ಆದರೆ ಒಂದು ವಿಷಯ ಗಮನಿಸಿ. ಸಂವಿಧಾನದ ಲೆಕ್ಕದಲ್ಲಿ ಇವತ್ತಿಗೂ ಮಲೇಷ್ಯಾದ ರಾಜಧಾನಿ ಕೌಲಾಲಂಪುರವೇ. ಸಂಸತ್ತು ಅಲ್ಲೇ ಇದೆ. ದೊರೆಯ ಅರಮನೆ ಅಲ್ಲೇ ಇದೆ. ಪುತ್ರಜಯಕ್ಕೆ ಹೋದದ್ದು ಆಡಳಿತ. ಪ್ರಧಾನಿ ಕಚೇರಿ, ಬಹುಪಾಲು ಸಚಿವಾಲಯಗಳು, ಆಮೇಲೆ ನ್ಯಾಯಾಂಗ. ಅಂದರೆ ಕಾನೂನು ಮಾಡೋದು ಒಂದು ಊರಲ್ಲಿ, ಅದನ್ನು ಜಾರಿ ಮಾಡೋದು ಇನ್ನೊಂದು ಊರಲ್ಲಿ.

ಊರೊಳಗೆ ಹೋಗ್ತಿದ್ದ ಹಾಗೆ ನಾನು ಬಾಯಿ ಮುಚ್ಚಿಕೊಂಡು ಕೂತೆ ನೋಡಿ. ನಾನು ಬಾಯಿ ಮುಚ್ಚಿಕೊಳ್ಳೋದು ಅಪರೂಪ, ನಿಮಗೆ ಗೊತ್ತು. ಮಧ್ಯದಲ್ಲಿ ನಾಲ್ಕು ಕಿಲೋಮೀಟರ್‌ಗೂ ಉದ್ದದ ರಾಜಬೀದಿ. ಒಂದು ತುದಿಯಲ್ಲಿ ಹಸಿರು ಗುಮ್ಮಟದ ಪೆರ್ದಾನ ಪುತ್ರ, ಅದು ಪ್ರಧಾನಿ ಕಚೇರಿ. ಪಕ್ಕದಲ್ಲೇ ಗುಲಾಬಿ ಬಣ್ಣದ ಪುತ್ರ ಮಸೀದಿ, 15,000 ಜನ ಒಟ್ಟಿಗೆ ಪ್ರಾರ್ಥನೆ ಮಾಡಬಹುದು. ಇನ್ನೊಂದು ತುದಿಯಲ್ಲಿ ದೊಡ್ಡ ಸಮ್ಮೇಳನ ಭವನ. ನಡುವೆ ಸಾಲಾಗಿ ಸಚಿವಾಲಯಗಳು. ಒಂದೊಂದು ಸೇತುವೆಯೂ ಒಂದೊಂದು ಥರ. ಒಂದು ಸೇತುವೆಯನ್ನು ಇರಾನಿನ ಇಸ್ಫಹಾನ್‌ನಲ್ಲಿರುವ ಖಾಜು ಸೇತುವೆ ನೋಡಿಕೊಂಡು ಕಟ್ಟಿದ್ದಾರೆ. ಇನ್ನೊಂದು ಕಂಬಕ್ಕೆ ತಂತಿ ಎಳೆದು ನಿಲ್ಲಿಸಿದ್ದು, ದೂರದಿಂದ ನೋಡಿದರೆ ಹಾಯಿ ಬಿಚ್ಚಿದ ಹಡಗು. ರಸ್ತೆಯಲ್ಲಿ ಗುಂಡಿ ಹುಡುಕಿದೆ. ಸಿಗಲಿಲ್ಲ. ವೃತ್ತಿ ಅಭ್ಯಾಸ, ಏನು ಮಾಡೋದು?

ಆಮೇಲೆ ಆ ಕೆರೆ. ಅದು ದೇವರು ಕೊಟ್ಟ ಕೆರೆಯಲ್ಲ ಸ್ವಾಮಿ, ಮನುಷ್ಯ ಮಾಡಿದ್ದು. ಅಲ್ಲಿ ಚುವಾವ್ ಅಂತ ಒಂದು ಸಣ್ಣ ನದಿ ಇತ್ತು. ಅದಕ್ಕೆ ಅಡ್ಡಗಟ್ಟೆ ಹಾಕಿ ಕೆರೆ ಮಾಡಿದರು. ಅಷ್ಟೇ ಆಗಿದ್ದರೆ ನಾನು ಹೇಳ್ತಿರಲಿಲ್ಲ. ಕೆರೆಗೆ ನೀರು ಬರುವ ದಾರಿಯಲ್ಲಿ ಸುಮಾರು 200 ಹೆಕ್ಟೇರ್ ಜೌಗು ಪ್ರದೇಶವನ್ನೇ ನಿರ್ಮಾಣ ಮಾಡಿದರು. ಬಗೆಬಗೆಯ ಜೊಂಡು, ನೀರುಗಿಡ ನೆಟ್ಟರು. ಮೇಲಿನಿಂದ ಬರುವ ಕೊಳೆ, ಗೊಬ್ಬರದ ಅಂಶ ಎಲ್ಲವನ್ನೂ ಆ ಗಿಡಗಳ ಬೇರು ಹೀರಿಕೊಳ್ಳುತ್ತೆ. ಸೋಸಿದ ನೀರು ಕೆರೆಗೆ ಇಳಿಯುತ್ತೆ. ಮೊದಲು ಸೋಸೋ ವ್ಯವಸ್ಥೆ, ಆಮೇಲೆ ಕೆರೆ. ನಮ್ಮಲ್ಲಿ? ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿಕೊಂಡಾಗ ಅದನ್ನು ಲೈವ್ ತೋರಿಸಿದವರು ನಾವು. ನೀರಿಗೆ ಬೆಂಕಿ ಬೀಳೋದನ್ನು ಪ್ರಪಂಚಕ್ಕೆ ತೋರಿಸಿದ ಕೀರ್ತಿ ನಮ್ಮದು. ಹಾಗಾಗಿ ಒಳ್ಳೇದನ್ನು ಒಳ್ಳೇದು ಅನ್ನಲೇಬೇಕು. ಪುತ್ರಜಯದ ಕೆರೆ ಮುಂದೆ ನಿಂತು ನಾನು ತಲೆಬಾಗಿದೆ.

ಆದರೆ ಒಂದು ವಿಷಯ ತಲೆ ಕೊರೀತಿತ್ತು. ನಾನು ಹೋಗಿದ್ದು ಶನಿವಾರ. ಮಧ್ಯಾಹ್ನ ಮೂರು ಗಂಟೆ. ಅಷ್ಟು ಅಗಲದ ರಾಜಬೀದಿಯಲ್ಲಿ ನಡೆದುಕೊಂಡು ಹೋಗುವವರು ಒಬ್ಬರೂ ಇಲ್ಲ. ಬೀದಿ ಬದಿ ಒಂದು ಟೀ ಅಂಗಡಿ ಇಲ್ಲ. ಜಗಳ ಇಲ್ಲ, ಹಾರ್ನ್ ಇಲ್ಲ, ಅಜ್ಜಿ ಇಲ್ಲ, ನಾಯಿ ಇಲ್ಲ. ಮದುವೆ ಮುಗಿದ ಮಾರನೇ ದಿನದ ಛತ್ರ ಇರುತ್ತಲ್ಲ, ಹಾಗಿತ್ತು. ಪೆಂಡಾಲು ಇದೆ, ಕುರ್ಚಿ ಇದೆ, ನೆಂಟರು ಮಾತ್ರ ಇಲ್ಲ.

ಸರ್ಕಾರಿ ರಜೆ ದಿನ ಸರ್ಕಾರಿ ಊರು ಖಾಲಿ ಇರುತ್ತೆ, ಅದರಲ್ಲೇನು ಅಂತ ನೀವು ಕೇಳಬಹುದು. ನಿಜ. ಸಂಜೆ ಹೊತ್ತಿಗೆ ಕೆರೆ ದಂಡೆಗೆ ಸಂಸಾರಗಳು ಬಂದವು, ಮಕ್ಕಳು ಸೈಕಲ್ ತುಳಿದವು. ಅದನ್ನೂ ಹೇಳಬೇಕು. ಆದರೆ ಲೆಕ್ಕ ನೋಡಿ. ಮೂರು ಲಕ್ಷಕ್ಕೂ ಹೆಚ್ಚು ಜನ ಇರಲಿ ಅಂತ ಹಾಕಿದ ನಕ್ಷೆ ಅದು. 2020ರ ಜನಗಣತಿಯಲ್ಲಿ ಸಿಕ್ಕವರು ಸುಮಾರು 1.09 ಲಕ್ಷ. ಕೆರೆ ಮೇಲೆ ಒಂದು ತೂಗುಸೇತುವೆ ಇದೆ, ಮಾನೋರೈಲಿಗೆ ಅಂತ ಕಟ್ಟಿದ್ದು. 2004ರಲ್ಲಿ ಕೆಲಸ ನಿಂತಿತು. ರೈಲು ಬರಲಿಲ್ಲ. ಪ್ರವಾಸಿಗರು ಅದರ ಫೋಟೋ ತೆಗೀತಾರೆ, ಚೆನ್ನಾಗಿದೆ ಅಂತಾರೆ. ಮೊನ್ನೆ ಮೊನ್ನೆ, 2023ರಲ್ಲಿ, ಕೌಲಾಲಂಪುರದಿಂದ ಪೂರ್ತಿ ಮೆಟ್ರೋ ಬಂತು. ಊರು ಹುಟ್ಟಿ ಇಪ್ಪತ್ತು ವರ್ಷ ದಾಟಿದ ಮೇಲೆ! ರಸ್ತೆ ಮೊದಲು, ಜನ ಆಮೇಲೆ. ನಕ್ಷೆ ಹಾಕಿ ಕಟ್ಟಿದ ಊರುಗಳ ಹಣೆಬರಹವೇ ಇದು.

ಹೀಗೆ ಕೆರೆ ದಂಡೆ ಮೇಲೆ ನಿಂತು, ಗುಲಾಬಿ ಗುಮ್ಮಟದ ಫೋಟೋ ಮೇಲೆ ಫೋಟೋ ಹೊಡೀತಾ, ಸುಮ್ಮನೆ ಮಾತಿಗೆ ಅಂತ ಡ್ರೈವರ್ ಅಣ್ಣನನ್ನು ಕೇಳಿದೆ. "ಇದಕ್ಕೂ ಮುಂಚೆ ಇಲ್ಲಿ ಏನಿತ್ತು ಅಣ್ಣ? ಕಾಡಾ?"

ಆ ಮನುಷ್ಯ ನಕ್ಕರು. "ಎಲ್ಲರೂ ಹಾಗೇ ಕೇಳ್ತಾರೆ ಸಾರ್. ಕಾಡಲ್ಲ. ನಮ್ಮಮ್ಮ ಇಲ್ಲೇ ಟ್ಯಾಪಿಂಗ್ ಮಾಡ್ತಿದ್ದಳು."

ನನ್ನ ಕೈಯಲ್ಲಿದ್ದ ಮೊಬೈಲ್ ಕೆಳಗಿಳೀತು.

ವೀಕ್ಷಕರೇ, ನಮ್ಮ ಸುಳ್ಯ, ಬೆಳ್ತಂಗಡಿ, ಪುತ್ತೂರು ಕಡೆಯವರಿಗೆ ಟ್ಯಾಪಿಂಗ್ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಕು ಹರಿಯೋ ಮುಂಚೆ ಎದ್ದು, ರಬ್ಬರ್ ಮರದ ತೊಗಟೆಯನ್ನು ಓರೆಯಾಗಿ ಕೀರಿ, ಚಿಪ್ಪು ಕಟ್ಟಿ, ಹಾಲು ಇಳಿಸೋದು. ಬಿಸಿಲು ಏರಿದರೆ ಹಾಲು ಇಳಿಯೋದು ಕಮ್ಮಿ. ಅದಕ್ಕೇ ಆ ಕೆಲಸ ನಸುಕಿನದು. ಸೊಳ್ಳೆ, ಜಿಗಣೆ, ಹಾವು ಎಲ್ಲದರ ಜೊತೆ ಮಾಡೋ ಕೆಲಸ.

ರಬ್ಬರ್ ಬೆಳೆಗಾರರಿಗೆ ಇನ್ನೊಂದು ಹೇಳ್ತೀನಿ, ಕುರ್ಚಿ ತುದಿಗೆ ಬನ್ನಿ. ನರ್ಸರಿಗೆ ಹೋದಾಗ ಪಿಬಿ 86, ಪಿಬಿ 260 ಅಂತ ತಳಿಗಳ ಹೆಸರು ಕೇಳಿರ್ತೀರಿ. ಪಿಬಿ ಅಂದರೆ ಏನು? ಪ್ರಾಂಗ್ ಬೆಸಾರ್. ಅದೊಂದು ರಬ್ಬರ್ ಎಸ್ಟೇಟಿನ ಹೆಸರು. ಆ ಎಸ್ಟೇಟ್ ಎಲ್ಲಿತ್ತು? ಇವತ್ತು ಪುತ್ರಜಯ ನಿಂತಿದೆಯಲ್ಲ, ಆ ಜಾಗದಲ್ಲೇ! ಮೊದಲ ಮಹಾಯುದ್ಧ ಮುಗಿಸಿಕೊಂಡು ಬಂದ ಬ್ರಿಟಿಷ್ ಸೈನಿಕರು 1921ರಲ್ಲಿ ಅಲ್ಲಿ ತೋಟ ಶುರು ಮಾಡಿದರು. ಮಲಯ ಭಾಷೆಯಲ್ಲಿ ಪ್ರಾಂಗ್ ಬೆಸಾರ್ ಅಂದರೆ ಮಹಾಯುದ್ಧ. ಯುದ್ಧದ ನೆನಪಿಗೆ ತೋಟದ ಹೆಸರು. ಅಲ್ಲಿ ಒಳ್ಳೆ ಹಾಲು ಕೊಡೋ ಮರಗಳನ್ನು ಆರಿಸಿ ಆರಿಸಿ ಕಸಿ ಕಟ್ಟಿ ತಳಿ ಮಾಡಿದರು. ಆ ತಳಿಗಳು ದೇಶ ದೇಶ ದಾಟಿ ಭಾರತಕ್ಕೂ ಬಂದವು. ಅಂದರೆ ಮಲೇಷ್ಯಾದ ರಾಜಧಾನಿಯ ಅಡಿಯಲ್ಲಿ ಹೂತುಹೋದ ತೋಟದ ಸಂತತಿ ಇವತ್ತು ಇಲ್ಲಿ ಹಾಲು ಸುರಿಸುತ್ತಿದೆ. ಸಸಿಗೆ ವಿಳಾಸ ಇದೆ, ದಾಖಲೆ ಇದೆ, ನಂಬರ್ ಇದೆ.

ಅದನ್ನು ಕೀರಿದ ಕೈಗೆ?

ತೋಟದ ಕೆಲಸಕ್ಕೆ ಬ್ರಿಟಿಷರು ತಮಿಳುನಾಡಿನ ಕಡೆಯಿಂದ ಬಡವರನ್ನು ಕರೆದುಕೊಂಡು ಹೋದರು. ಕಂಗಾಣಿ ಅಂತ ಮೇಸ್ತ್ರಿಗಳು ಇರ್ತಿದ್ದರು. ಊರಿಗೆ ಬಂದು ಜನ ಕೂಡಿಸಿ ಹಡಗು ಹತ್ತಿಸೋದು ಅವರ ಕೆಲಸ. ಹೋದವರಿಗೆ ತೋಟದಲ್ಲೇ ಲೈನ್ ಮನೆ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಇರುತ್ತಲ್ಲ, ಅದೇ ಲೈನ್ ಮನೆ. ಮಾರಿಯಮ್ಮನ ಗುಡಿ ಕಟ್ಟಿಕೊಂಡರು. ಮಕ್ಕಳಾದವು, ಮೊಮ್ಮಕ್ಕಳಾದವು. ಕುಲ ಬೆಳೀತು. ಮನೆ ಮಾತ್ರ ಯಾವತ್ತೂ ಅವರದ್ದಾಗಲಿಲ್ಲ. ಕೆಲಸ ಇರೋ ತನಕ ಮನೆ. ಕೆಲಸ ಹೋದ ದಿನ ಮನೆಯೂ ಹೋಯ್ತು.

ಹಾಗೇ ಆಯ್ತು. ರಾಜಧಾನಿಗೆ ಜಾಗ ಅಂತ ಗುರುತು ಮಾಡಿದಾಗ ಆ ನೆಲದಲ್ಲಿ ಒಂದಲ್ಲ, ನಾಲ್ಕು ಎಸ್ಟೇಟುಗಳ ಜನ ಇದ್ದರು. ಪ್ರಾಂಗ್ ಬೆಸಾರ್, ಮ್ಯಾಡಿಂಗ್ಲಿ, ಗ್ಯಾಲೋವೇ, ಸೆಜ್ಲಿ. ಹೆಸರು ನೋಡಿ, ಎಲ್ಲ ದೊರೆಗಳದ್ದೇ. ಅಲ್ಲಿದ್ದ ನೂರಾರು ಕುಟುಂಬಗಳನ್ನು ಡೆಂಗ್ಕಿಲ್ ಅನ್ನೋ ಪಕ್ಕದ ಊರಿನ ಫ್ಲ್ಯಾಟುಗಳಿಗೆ ಕಳಿಸಿದರು. ಸದ್ಯಕ್ಕೆ ಇಲ್ಲಿರಿ, ಮುಂದೆ ನೆಲದ ಮೇಲಿನ ಸಾಲುಮನೆ ಕಟ್ಟಿಸಿಕೊಡ್ತೀವಿ ಅನ್ನೋ ಮಾತಾಯ್ತು. ಸದ್ಯಕ್ಕೆ! ಸರ್ಕಾರಿ ಭಾಷೆಯಲ್ಲಿ ಈ 'ಸದ್ಯಕ್ಕೆ' ಅನ್ನೋ ಪದಕ್ಕೆ ಅರ್ಥ ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಫ್ಲ್ಯಾಟಿನ ಗೋಡೆಗಳು ಬಿರುಕು ಬಿಟ್ಟವು. ಜನ ಅರ್ಜಿ ಕೊಟ್ಟರು, ಧರಣಿ ಕೂತರು. ಮಂತ್ರಿಗಳು ಬಂದರು, ಭರವಸೆ ಕೊಟ್ಟರು, ಹೋದರು. ಎರಡು ದಶಕ ಉರುಳಿದ ಮೇಲೂ ಆ ಮನೆಗಳ ಮಾತು ಅಲ್ಲಿನ ಪತ್ರಿಕೆಗಳಲ್ಲಿ ಬರ್ತಾನೇ ಇತ್ತು.

ಅದೇ ಸಮಯದಲ್ಲಿ ಪಕ್ಕದಲ್ಲೇ ಸರ್ಕಾರ ತನಗೆ ಅಂತ ಏನೇನು ಕಟ್ಟಿಕೊಂಡಿತು? ಪ್ರಧಾನಿಗೆ ಕಚೇರಿ, ಪ್ರಧಾನಿಗೆ ಮನೆ, ಮಂತ್ರಿಗಳಿಗೆ ಭವನ, ನ್ಯಾಯಾಲಯಕ್ಕೆ ಅರಮನೆ. ಅದರ ಹೆಸರೇ 'ಇಸ್ತಾನ ಕೆಹಾಕಿಮಾನ್', ನ್ಯಾಯದ ಅರಮನೆ. ನಾಲ್ಕು ವರ್ಷದಲ್ಲಿ ಪ್ರಧಾನಿ ಕಚೇರಿ ತಯಾರಾಯ್ತು, ಅದೂ ಆರ್ಥಿಕ ಬಿಕ್ಕಟ್ಟಿನ ನಡುವೆ. ಕಟ್ಟೋಕೆ ಬರಲ್ಲ ಅನ್ನೋ ಹಾಗಿಲ್ಲ, ದುಡ್ಡಿಲ್ಲ ಅನ್ನೋ ಹಾಗಿಲ್ಲ. ಇಂಜಿನಿಯರ್ ಇದ್ದರು, ಸಿಮೆಂಟ್ ಇತ್ತು, ನದಿ ತಡೆದು ಕೆರೆ ಮಾಡೋ ತಾಕತ್ತಿತ್ತು. ಹಾಗಾದರೆ ಕೆಲವು ನೂರು ಸಾಲುಮನೆ ಯಾಕೆ ಏಳಲಿಲ್ಲ? ಉತ್ತರ ಸುಲಭ. ಅದು ಯಾರ ಪಟ್ಟಿಯಲ್ಲೂ ಮೊದಲ ಸಾಲಿನಲ್ಲಿ ಇರಲಿಲ್ಲ.

ನಾನು ಡ್ರೈವರ್ ಅಣ್ಣನನ್ನು ಕೇಳಿದೆ, "ಕೋಪ ಬರಲ್ವಾ?"

ಅವರು ಹೇಳಿದ್ದು ಕೇಳಿ. "ಏನಂತ ಕೋಪ ಮಾಡ್ಕೊಳ್ಳೋದು ಸಾರ್? ನನ್ನ ಮಗಳು ಇದೇ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅಮ್ಮ ಕತ್ತಲಲ್ಲಿ ಲಾಂದ್ರ ಹಿಡಿದು ಹೋಗ್ತಿದ್ದ ಜಾಗಕ್ಕೆ ಮಗಳು ಯೂನಿಫಾರ್ಮ್ ಹಾಕ್ಕೊಂಡು ಸ್ಕೂಟರಲ್ಲಿ ಹೋಗ್ತಾಳೆ. ಊರು ಒಳ್ಳೇದೇ. ಆದರೆ ಅಮ್ಮ ಸಾಯೋ ತನಕ ಒಂದೇ ಮಾತು ಹೇಳ್ತಿದ್ದಳು. ಮರ ಕಡಿಯೋ ಮುಂಚೆ ಮರಕ್ಕೆ ನಂಬರ್ ಬರೆದರು, ನಮ್ಮ ಹೆಸರು ಯಾರೂ ಬರ್ಕೊಂಡಿಲ್ಲ ಅಂತ."

ನಾನು ಎಷ್ಟೋ ಜನ ದೊಡ್ಡ ದೊಡ್ಡವರ ಸಂದರ್ಶನ ಮಾಡಿದ್ದೀನಿ. ಭೂಸ್ವಾಧೀನದ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಸಿದ್ದೀನಿ. ಇಷ್ಟು ಚಿಕ್ಕದಾಗಿ ಇಷ್ಟು ದೊಡ್ಡ ವಿಷಯ ಹೇಳಿದವರು ಕಮ್ಮಿ.

ಈಗ ನಾನು ತಪ್ಪೊಪ್ಪಿಗೆ ಮಾಡಬೇಕು. ಇವತ್ತು ಈ ಮಾತು ಆಡ್ತಿರೋದೇ ಅದಕ್ಕೆ. ಕಾರು ಹತ್ತುವಾಗ ಅವರು ಕೇಳಿದರು. "ಡೆಂಗ್ಕಿಲ್ ಇಲ್ಲೇ ಹತ್ತಿರ ಸಾರ್. ತೋರಿಸಲಾ? ನಮ್ಮಕ್ಕ ಆ ಫ್ಲ್ಯಾಟಲ್ಲೇ ಇದ್ದಾಳೆ. ಒಂದು ಟೀ ಕುಡಿದು ಹೋಗಬಹುದು."

ನಾನು ಗಡಿಯಾರ ನೋಡಿಕೊಂಡೆ. "ಫ್ಲೈಟ್ ಇದೆ ಅಣ್ಣ, ಇನ್ನೊಂದು ಸಲ" ಅಂದೆ.

ಅವರು ಮರುಮಾತಾಡಲಿಲ್ಲ. ವಿಮಾನ ನಿಲ್ದಾಣದ ಕಡೆ ಗಾಡಿ ತಿರುಗಿಸಿದರು. ನಿಲ್ದಾಣಕ್ಕೆ ಹೋಗಿ ನೋಡ್ತೀನಿ, ವಿಮಾನಕ್ಕೆ ಇನ್ನೂ ಮೂರೂವರೆ ಗಂಟೆ ಇದೆ. ಅಲ್ಲಿ ಕೂತು ಮೊಬೈಲ್ ತೆಗೆದೆ. ಗುಮ್ಮಟದ ಫೋಟೋ ಇದೆ. ಸೇತುವೆ ಫೋಟೋ ಇದೆ. ಕೆರೆಯಲ್ಲಿ ಗುಮ್ಮಟದ ನೆರಳು ಬಿದ್ದಿರೋ ಫೋಟೋ ಇದೆ. ರೈಲು ಬಾರದ ಸೇತುವೆಯದ್ದೂ ಇದೆ. ಆ ಮನುಷ್ಯನದ್ದು ಒಂದೂ ಇಲ್ಲ. ಅವರ ಅಕ್ಕನ ಮನೆಯ ಗೋಡೆಯದ್ದೂ ಇಲ್ಲ.

ಇಪ್ಪತ್ತು ವರ್ಷಕ್ಕೂ ಮೇಲೆ ಸುದ್ದಿಮನೆಯಲ್ಲಿ ಇರೋ ನಾನೇ ಹೀಗೆ ಮಾಡಿದೆ. ಸುದ್ದಿ ಪಕ್ಕದ ಊರಲ್ಲಿ, ಟೀ ಕುಡಿಯೋಕೆ ಕರೀತಿತ್ತು. ನಾನು ಗುಮ್ಮಟದ ಫೋಟೋ ಹೊಡೆದುಕೊಂಡು ಬಂದೆ. ಮಂತ್ರಿಗಳನ್ನು ಬೈಯೋಕೆ ನನಗೆ ಏನು ಹಕ್ಕಿದೆ ಹೇಳಿ?

ಇದನ್ನು ಮಲೇಷ್ಯಾದ ಕಥೆ ಅಂತ ಬಿಟ್ಟುಬಿಡಬೇಡಿ. ಯಾಕಂದ್ರೆ ಈ ಕಥೆಯ ಇನ್ನೊಂದು ತುದಿ ನಮ್ಮ ಹಿತ್ತಲಿಗೇ ಕಟ್ಟಿದೆ. 1964ರಲ್ಲಿ ಶಾಸ್ತ್ರೀಜಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. ಶ್ರೀಲಂಕಾದ ಟೀ ತೋಟಗಳಲ್ಲಿ ದುಡಿಯುತ್ತಿದ್ದ ತಮಿಳು ಕುಟುಂಬಗಳು ಭಾರತಕ್ಕೆ ಬಂದವು. ಅವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಕೆಲಸದ ಜೊತೆ ಲೈನ್ ಮನೆ. ಅವರ ಮಕ್ಕಳು ಕನ್ನಡ ಶಾಲೆಗೆ ಹೋದರು, ನಮ್ಮ ಕನ್ನಡವನ್ನೇ ಮಾತಾಡ್ತಾರೆ. ನಾಳೆ ಆ ತೋಟದ ಜಾಗಕ್ಕೆ ಯಾರೋ ಒಬ್ಬರು ಬಣ್ಣದ ನಕ್ಷೆ ಹಾಕಿದರೆ ಲೈನ್ ಮನೆಯವರು ಎಲ್ಲಿಗೆ ಹೋಗಬೇಕು?

ನಮ್ಮಲ್ಲಿ ಹೊಸ ಟೌನ್‌ಶಿಪ್, ಹೊಸ ಸಿಟಿ ಅಂದ ತಕ್ಷಣ ಏನು ಚರ್ಚೆ ಆಗುತ್ತೆ? ಎಕರೆಗೆ ಎಷ್ಟು? ರೈತರಿಗೆ ಎಷ್ಟು ಕೊಟ್ಟರು, ಸಾಕಾ, ಸಾಲದಾ? ಆ ಪ್ರಶ್ನೆ ಬೇಕು, ಬೇಡ ಅನ್ನಲ್ಲ. ಆದರೆ ಪಹಣಿಯಲ್ಲಿ ಹೆಸರಿರೋ ಮನುಷ್ಯನಿಗೆ ಕೂಗೋಕೆ ಒಂದು ಕಾಗದವಾದರೂ ಇದೆ. ಅದೇ ಜಮೀನಲ್ಲಿ ಕಳೆ ಕೀಳೋ ಹೆಂಗಸು? ಕುರಿ ಮೇಯಿಸೋನು? ಗೇಣಿಗೆ ಮಾಡೋನು? ತೋಟದ ಲೈನಲ್ಲಿ ಇರೋನು? ಇವರಿಗೆ ಪಹಣಿ ಇಲ್ಲ. ಪಹಣಿ ಇಲ್ಲದವರಿಗೆ ನಮ್ಮ ಟಿವಿಯಲ್ಲಿ ಕುರ್ಚಿಯೂ ಇಲ್ಲ.

ತಮಾಷೆ ಏನು ಗೊತ್ತಾ? ಕಾನೂನು ಇವರನ್ನು ಮರೆತಿಲ್ಲ. 2013ರ ಭೂಸ್ವಾಧೀನ ಕಾಯ್ದೆ ತೆಗೆದು ನೋಡಿ. ಜಮೀನು ಕಳಕೊಂಡವರನ್ನು ಮಾತ್ರ ಸಂತ್ರಸ್ತರು ಅನ್ನಲ್ಲ ಅದು. ಸ್ವಾಧೀನಕ್ಕೂ ಮುಂಚೆ ಮೂರು ವರ್ಷ ಆ ಜಾಗವನ್ನೇ ನಂಬಿ ಬದುಕಿದ ಕೃಷಿ ಕೂಲಿಗಳು, ಗೇಣಿದಾರರು, ಕುಶಲಕರ್ಮಿಗಳು ಕೂಡ ಸಂತ್ರಸ್ತ ಕುಟುಂಬವೇ ಅಂತ ಬರೆದಿದೆ. ಕಾಗದದಲ್ಲಿ ಇದೆ ಸ್ವಾಮಿ. ಸರ್ವೆಗೆ ಹೋದವರು ಆ ಹೆಸರುಗಳನ್ನು ಬರ್ಕೊಳ್ತಾರಾ ಅನ್ನೋದು ಪ್ರಶ್ನೆ. ಮರಕ್ಕೆ ನಂಬರ್ ಹಾಕ್ತಾರೆ, ಬೋರ್‌ವೆಲ್‌ಗೆ ಬೆಲೆ ಕಟ್ಟುತ್ತಾರೆ, ತೆಂಗಿನ ಸಸಿ ಎಣಿಸ್ತಾರೆ. ಮನುಷ್ಯರನ್ನು?

ಒಂದು ಉದಾಹರಣೆ ಕೊಟ್ಟು ಮುಗಿಸ್ತೀನಿ. ಬಾಗಲಕೋಟೆಯವರು ಈ ಕಾರ್ಯಕ್ರಮ ನೋಡ್ತಿದ್ದರೆ ಅವರಿಗೆ ಗೊತ್ತು. ಆಲಮಟ್ಟಿಯ ಹಿನ್ನೀರಿಗೆ ಹಳೇ ಊರು ಮುಳುಗುತ್ತೆ ಅಂದಾಗ ನವನಗರ ಕಟ್ಟಿದರು. ಅದೂ ನಕ್ಷೆ ಹಾಕಿ ಕಟ್ಟಿದ ಊರೇ. ಅಲ್ಲೂ ಸೆಕ್ಟರ್ ಇದೆ, ಅಗಲವಾದ ರಸ್ತೆ ಇದೆ. ಅಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳಲ್ಲ. ಪರಿಹಾರದ ಕೂಗು ಕೃಷ್ಣಾ ತೀರದಲ್ಲಿ ಇವತ್ತಿಗೂ ನಿಂತಿಲ್ಲ. ಆದರೆ ಒಂದು ವ್ಯತ್ಯಾಸ ನೋಡಿ. ನವನಗರದ ನಕ್ಷೆ ಶುರುವಾಗಿದ್ದು ಯಾರು ಮನೆ ಕಳಕೊಳ್ತಾರೆ ಅನ್ನೋ ಪಟ್ಟಿಯಿಂದ. ಪುತ್ರಜಯದ ನಕ್ಷೆ ಶುರುವಾಗಿದ್ದು ಪ್ರಧಾನಿ ಎಲ್ಲಿ ಕೂತ್ಕೋಬೇಕು ಅನ್ನೋದರಿಂದ.

ನಾನು ಹೊಸ ಊರುಗಳ ವಿರೋಧಿ ಅಲ್ಲ. ಕೆಂಗಲ್ ಹನುಮಂತಯ್ಯನವರು ವಿಧಾನಸೌಧ ಕಟ್ಟಿಸಿದಾಗಲೂ ಇದೆಲ್ಲ ಯಾಕೆ ಅಂದವರಿದ್ದರು. ಇವತ್ತು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಕನ್ನಡಿಗ ಇಲ್ಲ. ಕಟ್ಟಿ, ಚೆನ್ನಾಗಿಯೇ ಕಟ್ಟಿ. ಪುತ್ರಜಯದ ಕೆರೆ ನೋಡಿ ಕಲಿಯಿರಿ, ರಸ್ತೆ ನೋಡಿ ಕಲಿಯಿರಿ. ಅದರ ಜೊತೆಗೆ ಡೆಂಗ್ಕಿಲ್ ಅನ್ನೂ ನೋಡಿ ಬನ್ನಿ. ನಮ್ಮ ಶಾಸಕರು, ಅಧಿಕಾರಿಗಳು ಅಧ್ಯಯನ ಪ್ರವಾಸ ಅಂತ ಹೋಗ್ತಾರಲ್ಲ, ಅವರಿಗೆ ನನ್ನದೊಂದು ವಿನಂತಿ. ಗುಮ್ಮಟ ನೋಡೋಕೆ ಒಂದು ದಿನ ಇಟ್ಟುಕೊಂಡರೆ, ಆ ಫ್ಲ್ಯಾಟು ನೋಡೋಕೆ ಒಂದು ಗಂಟೆ ಇಟ್ಟುಕೊಳ್ಳಿ.

ನೀವೂ ಒಂದು ಕೆಲಸ ಮಾಡಿ ವೀಕ್ಷಕರೇ. ಇನ್ನು ಮುಂದೆ ನಮ್ಮದೇ ಚಾನೆಲಿನಲ್ಲಿ ಹೊಸ ನಗರದ ಗ್ರಾಫಿಕ್ಸ್ ಬಂದಾಗ, ಗಾಜಿನ ಕಟ್ಟಡ, ಹಸಿರು ಹುಲ್ಲು, ಸೈಕಲ್ ಮೇಲೆ ಹೋಗೋ ಹುಡುಗಿ ಎಲ್ಲ ತೋರಿಸಿದಾಗ, ಒಂದೇ ಒಂದು ಪ್ರಶ್ನೆ ಕೇಳಿ. ಈ ಜಾಗದಲ್ಲಿ ಇವತ್ತು ಬೆಳಗ್ಗೆ ಒಲೆ ಹಚ್ಚಿದವರು ಯಾರು? ಅವರ ಹೆಸರು ಬರ್ಕೊಂಡಿದ್ದೀರಾ?

ನಾವು ತೋರಿಸದೇ ಹೋದರೆ ನಮಗೇ ಫೋನ್ ಮಾಡಿ ಬೈಯಿರಿ. ನನಗಂತೂ ಆ ಬೈಗುಳ ಸಲ್ಲಬೇಕು. ಟೀಗೆ ಕರೆದ ಮನೆಗೆ ಹೋಗದೆ ಬಂದವನು ನಾನು.

ಡ್ರೈವರ್ ಅಣ್ಣ ಕೊಟ್ಟ ಫೋನ್ ನಂಬರ್ ನನ್ನ ಹತ್ತಿರ ಇದೆ. ಇನ್ನೊಂದು ಸಲ ಹೋಗ್ತೀನಿ. ಆ ಸಲ ಮೊದಲು ಡೆಂಗ್ಕಿಲ್, ಆಮೇಲೆ ಗುಮ್ಮಟ.

ಯೋಚನೆ ಮಾಡಿ. ನಾಳೆ ಮತ್ತೆ ಸಿಗೋಣ. ನಮಸ್ಕಾರ.